ಚಿಲಕವಿಲ್ಲದ ಬಾಗಿಲು

ಅಡಾಜಣಿನಲ್ಲಿ ನಮ್ಮ ಮಗಳು ಓದುವ ಶಾಲೆಯಿಂದ ಪ್ರತಿವರ್ಷ ಪಾಲಕರ ಅಭಿಪ್ರಾಯ ಕೇಳುವ ಪತ್ರವೊಂದು ಬರುತ್ತದೆ. ಬಸ್ಸು ಸಮಯಕ್ಕೆ ಬರುವುದೇ, ಶಿಕ್ಷಕರು ಸೌಜನ್ಯದಿಂದ ಮಾತನಾಡುವರೇ, ಶುಲ್ಕ ಕಟ್ಟುವ ವ್ಯವಸ್ಥೆ ತೃಪ್ತಿಕರವೇ ಎಂಬಂಥ ಪ್ರಶ್ನೆಗಳು. ಕಳೆದ ವರ್ಷ ಅದನ್ನು ಇಣುಕಿ ನೋಡಿದ ಮಗಳು, "ಶೌಚಾಲಯದ ಬಾಗಿಲಿಗೆ ಚಿಲಕವೇ ಇಲ್ಲ. ಅದನ್ನೇಕೆ ಕೇಳಿಲ್ಲ, ಅಪ್ಪಾ?" ಎಂದಳು. ಮನೆಗೆ ಮರಳುವತನಕ ಅವಳ ತರಗತಿಯ ಹುಡುಗಿಯರು ನೀರೇ ಕುಡಿಯುವುದಿಲ್ಲವಂತೆ. ಅದೂ ಸೂರತ್ತಿನ ಏಪ್ರಿಲ್ ಬಿಸಿಲಿನಲ್ಲಿ. ಪತ್ರದ ಹಿಂಬದಿಯಲ್ಲಿ ಅವಳ ಕೈಯಿಂದಲೇ ಆ ಮಾತನ್ನು ಬರೆಸಿ ಕಳುಹಿಸಿದೆವು. ಉತ್ತರ ಬರಲಿಲ್ಲ. ಈ ವರ್ಷ ಅವೇ ಪ್ರಶ್ನೆಗಳ ಪತ್ರ ಮತ್ತೆ ಬಂತು.

ನಮ್ಮ ಕುಂದಾಪುರದ ಕಡೆ ಇಂಥ ಮಾತಿಗೊಂದು ವೇದಿಕೆಯಿದೆ. 1990ರ ದಶಕದಲ್ಲಿ ಭೀಮಸಂಘದ ದುಡಿಯುವ ಮಕ್ಕಳೂ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯೂ ಸೇರಿ ಆ ತಾಲೂಕಿನಲ್ಲಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದರು. ಮುಂದೆ ರಾಜ್ಯ ಸರಕಾರವೇ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸೂಚಿಸಿತು. ಮಳೆಗಾಲದಲ್ಲಿ ಶಾಲೆಗೆ ಹೋಗಲು ಕಾಲುಸಂಕ, ಮೈದಾನಕ್ಕೆ ಬೇಲಿ, ಶೌಚಾಲಯಕ್ಕೆ ನೀರು: ಮಕ್ಕಳು ಕೇಳುವುದು ಇಂಥವನ್ನೇ. ಎದುರಿಗೆ ಅಧ್ಯಕ್ಷರು, ಪಿಡಿಒ, ಶಿಕ್ಷಕರು ಕುಳಿತಿರುತ್ತಾರೆ. ಕೆಲವೆಡೆ ಸಭೆಯು ಭಾಷಣ ಮತ್ತು ಬಿಸ್ಕತ್ತಿನಲ್ಲಿ ಮುಗಿಯುವುದೂ ಉಂಟು, ನಿಜ. ಆದರೂ ಮಗುವೊಂದು ಎದ್ದುನಿಂತು ಕೇಳಿದ ಪ್ರಶ್ನೆಗೆ ಊರಿನ ಮುಂದೆ ಬಾಯಿಬಿಟ್ಟು ಏನಾದರೊಂದು ಹೇಳಲೇಬೇಕಾಗುತ್ತದೆ. ನಮ್ಮ ಮನೆಗೆ ಬರುವ ಪತ್ರಕ್ಕೆ ಈ ಮುಜುಗರವಿಲ್ಲ.

ಗುಜರಾತಿಗೆ ಇದು ಹೊಸ ವಿಚಾರವೇನಲ್ಲ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'ದಲ್ಲಿ ಶಿಕ್ಷಕನೊಬ್ಬ ನಾಲ್ಕನೆಯ ತರಗತಿಗೆ ಹೊಸ ಪ್ರಯೋಗದೊಡನೆ ಬರುತ್ತಾನೆ. ಮೊದಲ ದಿನದ ಮೌನದ ಆಟ ಮಕ್ಕಳ ಗದ್ದಲದಲ್ಲಿ ಕೊಚ್ಚಿಹೋಗುತ್ತದೆ. ಅವನು ಬೆತ್ತ ಹಿಡಿಯುವುದಿಲ್ಲ, ಮರುದಿನ ಕಥೆ ಹೇಳತೊಡಗುತ್ತಾನೆ. ಗದ್ದಲವನ್ನೂ ಅಭಿಪ್ರಾಯವೆಂದು ಓದಬಲ್ಲ ಆ ಕಿವಿ ನಮಗೆ ಬಹಳ ಹಿಡಿಸಿತು.

ಶಿಕ್ಷಣ ಹಕ್ಕು ಕಾಯಿದೆಯಡಿ ಕೇಂದ್ರವು 2010ರಲ್ಲಿ ಮಾಡಿದ ನಿಯಮಗಳು ಶಾಲಾ ನಿರ್ವಹಣಾ ಸಮಿತಿಯಲ್ಲಿ ಶಾಲೆಯ ಮಕ್ಕಳಿಗೂ ಜಾಗಕ್ಕೆ ಅವಕಾಶವಿತ್ತಿವೆ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಅಂಥ ಸಮಿತಿಯೇ ಕಡ್ಡಾಯವಲ್ಲ. ಇದ್ದಲ್ಲಿಯೂ ಆ ಜಾಗ ಸ್ಥಳೀಯ ಶಿಕ್ಷಣತಜ್ಞರಿಗೋ ಮಕ್ಕಳಿಗೋ ಎಂಬುದನ್ನು ನಿರ್ಧರಿಸುವವರು ಸಮಿತಿಯಲ್ಲಿರುವ ಪಾಲಕರು.