ಹೆಜ್ಜೆಗೆ ರಜೆ ಇಲ್ಲ

ಕಳೆದ ವರ್ಷ ಕತ್ತಲ ರಾತ್ರಿ ಮುದಗಲ್ಲಿನಲ್ಲಿ ನಾನು ಕುಣಿತದ ಸಾಲು ಬಿಟ್ಟು ಹೊರಗೆ ಬಂದು ಕುಳಿತೆ. ಬಲಗಾಲಿನ ಮೀನಖಂಡ ಹಿಡಿದುಕೊಂಡು ಕಲ್ಲಾಗಿತ್ತು. ಆಗ ಹನ್ನೊಂದು ಗಂಟೆಯೂ ಆಗಿರಲಿಲ್ಲ. ನನಗಿಂತ ಮೂವತ್ತು ವರ್ಷ ದೊಡ್ಡವರು, ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರು, ನನ್ನ ಕಣ್ಣ ಮುಂದೆಯೇ ಕುಣಿಯುತ್ತಿದ್ದರು. ನಮಗೆ ಹೆಜ್ಜೆ ಕಲಿಸಿದ ಕಾಕಾ ಬಂದು ನನ್ನ ಪಾದ ಹಿಡಿದು ಮೇಲಕ್ಕೆ ಬಗ್ಗಿಸುತ್ತ, "ಬ್ಯಾಸಿಗ್ಯಾಗ ಏನ್ ಮಾಡಿದ್ಯೋ ತಮ್ಮಾ?" ಎಂದು ಕೇಳಿದರು. ನಾನು ಸುಮ್ಮನಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಎರಡು ತಿಂಗಳು ಸಿಂಧನೂರಿನ ನಮ್ಮ ಅಂಗಡಿಯಲ್ಲಿ ಗಲ್ಲಾದ ಮುಂದೆ ಫ್ಯಾನ್ ಹಾಕಿಕೊಂಡು ಕುಳಿತಿದ್ದೆ, ಅಷ್ಟೇ.

ಡ್ಯಾನ್ಸ್ ಎಂದರೆ ನಮ್ಮ ಕ್ಲಾಸಿನವರಿಗೆ ಸಿನಿಮಾ ಹಾಡು ನೆನಪಾಗುತ್ತದೆ. ನಾನು ಹೇಳುತ್ತಿರುವುದು ಮೊಹರಂನ ಹೆಜ್ಜೆ ಕುಣಿತ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ನನ್ನ ನಾನಿಯ ಊರು. ಅಲ್ಲಿಯ ಹುಸೇನಿ ಆಲಂ ದರ್ಗಾದ ಮೊಹರಂ ನೋಡಲು ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಹಲಗೆಯ ಪೆಟ್ಟಿಗೆ ಎಲ್ಲರೂ ಒಟ್ಟಿಗೆ ಹೆಜ್ಜೆ ಇಡಬೇಕು, ಬಾಗಬೇಕು, ತಿರುಗಬೇಕು. ಎಲ್ಲವೂ ಬರಿಗಾಲಲ್ಲಿ. ಕರ್ಬಲಾದ ಕಥೆ ಹೇಳುವ ರಿವಾಯತ್ ಪದಗಳು ಕನ್ನಡದಲ್ಲೇ ಇರುತ್ತವೆ. ನಾನು ಕುಣಿಯುವ ಮೇಳದಲ್ಲಿ ನಮ್ಮವರಿಗಿಂತ ಹಿಂದೂಗಳೇ ಹೆಚ್ಚು. ನೋಡುವವರಿಗೆ ಇದು ಸುಲಭ ಅನಿಸುತ್ತದೆ, ಆದರೆ ಮೈಯ ಭಾರವೆಲ್ಲ ಬೆರಳುಗಳ ಮೇಲೆ ಮತ್ತು ಮೀನಖಂಡದ ಮೇಲೆ ಬೀಳುತ್ತದೆ.

ಇನ್ನೊಂದು ಲೆಕ್ಕವಿದೆ. ಹಿಜರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಆಶುರಾ 2023ರಲ್ಲಿ ಜುಲೈ 29ಕ್ಕೆ ಬಂತು, 2024ರಲ್ಲಿ ಜುಲೈ 17ಕ್ಕೆ. ಈ ವರ್ಷ, ಅಂದರೆ 2025ರಲ್ಲಿ, ಜುಲೈ 6ಕ್ಕೆ ಬರುವ ಅಂದಾಜಿದೆ. ಮೊದಲು ಕಾಲೇಜು ಶುರುವಾದ ಮೇಲೂ ತಯಾರಿಗೆ ಸಮಯ ಸಿಗುತ್ತಿತ್ತು. ಈಗ ಬೇಸಿಗೆ ರಜೆಯಲ್ಲಿ ಕಾಲು ತಯಾರಾಗದಿದ್ದರೆ ಆಮೇಲೆ ಆಗುವುದಿಲ್ಲ. ಅಕೌಂಟೆನ್ಸಿಯಲ್ಲಿ ಸವಕಳಿ ಪಾಠ ಓದುವಾಗ, ಯಂತ್ರ ಸುಮ್ಮನೆ ನಿಂತಿದ್ದರೂ ಅದರ ಬೆಲೆ ಇಳಿಯುತ್ತದೆ ಎಂದು ಸರ್ ಹೇಳಿದಾಗ ನನಗೆ ನನ್ನ ಕಾಲೇ ನೆನಪಾಯಿತು.

ಆದ್ದರಿಂದ ಈ ಸಲ ಏಪ್ರಿಲ್‌ನಲ್ಲೇ ಶುರು ಮಾಡಿದೆ. ಫಜರ್ ನಮಾಜ್ ಮುಗಿಸಿ ಕಾಲುವೆ ದಂಡೆಯ ಮೇಲೆ ಓಟ. ಬೇಸಿಗೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ನಿಂತಿರುತ್ತದೆ, ತಣ್ಣನೆ ಗಾಳಿಯ ಆಸೆ ಇಟ್ಟುಕೊಳ್ಳಬೇಡಿ. ಏಳೂವರೆ ಆದ ಮೇಲೆ ಬಿಸಿಲಿನಲ್ಲಿ ಓಡುವುದು ಶೌರ್ಯವಲ್ಲ, ದಡ್ಡತನ. ಒಂದು ದಿನ ಒಂಬತ್ತರ ತನಕ ಓಡಿ, ಮನೆಗೆ ಬಂದು ವಾಂತಿ ಮಾಡಿಕೊಂಡೆ. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು ಎಂದು ಪಿಇಟಿ ಸರ್ ಮೊದಲೇ ಹೇಳಿದ್ದರು, ನಾನು ಕೇಳಿರಲಿಲ್ಲ. ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕುಡಿಯುವುದನ್ನೂ ಅವರೇ ಹೇಳಿಕೊಟ್ಟರು. ಚಮಚ ಮಟ್ಟವಾಗಿರಬೇಕು, ಗುಡ್ಡೆ ಇರಬಾರದು. ಗೆಳೆಯನೊಬ್ಬ ಡಬ್ಬಿಯ ಪೌಡರ್ ತಗೋ ಎಂದ. ಅದರ ಬೆಲೆ ನೋಡಿ ನಾನಿ ಮಾಡುವ ಜೋಳದ ಅಂಬಲಿಯೇ ಸಾಕು ಎಂದುಕೊಂಡೆ.

ಮೇ ತಿಂಗಳಲ್ಲಿ ಒಂದು ವಾರ ಮಸ್ಕಿಯಲ್ಲಿ ಖಾಲಾ ಮನೆಯಲ್ಲಿದ್ದೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಮಸ್ಕಿ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಿಂದಲೇ ದೇವಾನಾಂಪ್ರಿಯ ಎಂದರೆ ಅಶೋಕ ಎಂದು ಗೊತ್ತಾಗಿದ್ದು ಎಂದು ಹೈಸ್ಕೂಲಿನಲ್ಲಿ ಓದಿದ್ದೆವು. ನನಗೆ ಮಾತ್ರ ಅಲ್ಲಿಯ ಮಲ್ಲಿಕಾರ್ಜುನ ಬೆಟ್ಟದ ಮೆಟ್ಟಿಲುಗಳೇ ಬೇಕಾಗಿದ್ದವು. ಹತ್ತುವಾಗ ಉಸಿರಿಗೆ ಕೆಲಸ, ಇಳಿಯುವಾಗ ತೊಡೆಗೆ. ಮೊದಲ ದಿನ ಇಳಿದು ಬಂದಾಗ ತೊಡೆ ನಡುಗುತ್ತಿತ್ತು, ಮರುದಿನ ಕೂರಲು ಗೋಡೆ ಹಿಡಿಯಬೇಕಾಯಿತು. ಪೂಜೆಗೆ ಬರುತ್ತಿದ್ದ ಅಜ್ಜಿಯೊಬ್ಬರು ದಿನಾ ನನ್ನನ್ನು ನೋಡಿ, "ಹರಕಿ ಹೊತ್ತೀಯೇನಪಾ?" ಎಂದರು. ಹೌದು ಎಂದುಬಿಟ್ಟೆ. ಅದು ಪೂರ್ತಿ ಸುಳ್ಳಲ್ಲ.

ಕಷ್ಟವಾಗಿದ್ದು ಮನೆಯಲ್ಲಿ. ಅಬ್ಬಾಗೆ ಇದು ಇಷ್ಟವಿಲ್ಲ. "ಇಮಾಮ್ ಹುಸೇನ್ ಶಹೀದರಾದ ದಿನ. ಆ ದಿನ ನಾಚ್ ನಕ್ಕೋ ಬೇಟಾ" ಎನ್ನುತ್ತಾರೆ. ಓದುತ್ತಿರುವ ನಿಮ್ಮಲ್ಲಿ ಹಲವರೂ ಹಾಗೇ ಅನ್ನುತ್ತೀರಿ ಎಂದು ಗೊತ್ತು. ಅಬ್ಬಾಗೆ ಎದುರು ಮಾತಾಡಲು ನನ್ನ ಬಳಿ ಇಲ್ಮ್ ಇಲ್ಲ. ಆದರೆ ಕಾಕಾ ಆ ಪದ ಹಾಡುವಾಗ ಮಕ್ಕಳು ನೀರಿಲ್ಲದೆ ಇರುವ ಭಾಗ ಬಂದರೆ ಸಾಲಿನಲ್ಲಿ ಕುಣಿಯುವವರ ಕಣ್ಣು ತುಂಬುತ್ತದೆ. ಅದನ್ನು ನೋಡಿದ್ದೇನೆ, ಅಷ್ಟು ಮಾತ್ರ ಹೇಳಿದೆ. ಅಬ್ಬಾ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅಂಗಡಿ ಶಟರ್ ಎಳೆಯುತ್ತ ಒಂದು ಷರತ್ತು ಹಾಕಿದರು: ಮೊಹರಂ ಒಂಬತ್ತು, ಹತ್ತು ಎರಡೂ ರೋಜಾ ಇಡಬೇಕು. ಒಂದು ತಪ್ಪಿದರೂ ಮುಂದಿನ ವರ್ಷ ಮುದಗಲ್ ಇಲ್ಲ.

ಕತ್ತಲ ರಾತ್ರಿ ಬರುವುದು ಆ ಎರಡು ರೋಜಾಗಳ ನಡುವೆಯೇ. ಹಗಲೆಲ್ಲ ನೀರಿಲ್ಲದೆ ಇದ್ದು, ರಾತ್ರಿಯಿಡೀ ಕುಣಿದು, ಸೆಹರಿ ಮಾಡಿ, ಮತ್ತೆ ಹಗಲೆಲ್ಲ ನೀರಿಲ್ಲದೆ ಇರಬೇಕು. ಅಬ್ಬಾ ಇದನ್ನು ಲೆಕ್ಕ ಹಾಕಿಯೇ ಹೇಳಿದರೋ ಏನೋ, ವ್ಯಾಪಾರ ಗೊತ್ತಿದ್ದವರು.

ಬಕ್ರೀದ್ ಹಿಂದಿನ ದಿನ ಅರಫಾ ರೋಜಾ ಇಟ್ಟು ಒಂದು ಪರೀಕ್ಷೆ ಮಾಡಿ ನೋಡಿದೆ. ಇಫ್ತಾರ್‌ಗೆ ಖರ್ಜೂರ, ಉಪ್ಪು ಸಕ್ಕರೆ ನೀರು. ಊಟ ಸ್ವಲ್ಪ, ಏಕೆಂದರೆ ಹೊಟ್ಟೆ ತುಂಬಿದರೆ ಬಾಗಲು ಆಗುವುದಿಲ್ಲ. ಒಂಬತ್ತಕ್ಕೆ ಮಾಳಿಗೆ ಮೇಲೆ ಮೊಬೈಲಿನಲ್ಲಿ ಹಲಗೆ ಸದ್ದು ಹಾಕಿಕೊಂಡು ಶುರು ಮಾಡಿದೆ. ಹತ್ತೂಕಾಲಿಗೆ ಅದೇ ಬಲಗಾಲು ಸಣ್ಣಗೆ ಎಳೆಯಿತು. ಕುಳಿತು ಪಾದ ಬಗ್ಗಿಸಿ, ನೀರು ಕುಡಿದು ಮತ್ತೆ ಎದ್ದೆ. ಒಂದು ಗಂಟೆಗೆ ಅಮ್ಮಿ ಮೇಲೆ ಬಂದು, ಕೆಳಗಿನ ಮನೆಯವರಿಗೆ ನಿದ್ದೆ ಇಲ್ಲ ಎಂದು ಬೈದು ನಿಲ್ಲಿಸಿದರು. ಕಾಲು ಅಷ್ಟೊತ್ತಿಗೂ ನಡೆಯುತ್ತಿತ್ತು. ಆದರೆ ಕತ್ತಲ ರಾತ್ರಿ ಒಂದು ಗಂಟೆಗೆ ಮುಗಿಯುವುದಿಲ್ಲ.

ಇನ್ನು ಮೂರು ವಾರ ಇದೆ. ಇವತ್ತು ಬೆಳಿಗ್ಗೆ ಈ ಲೇಖನ ಬರೆಯುತ್ತ ಕುಳಿತು ಕಾಲುವೆ ಕಡೆ ಹೋಗಲಾಗಲಿಲ್ಲ. ಸಂಜೆ ಹೋಗಬೇಕು.