ಮ್ಯಾಂಟ್ಲಿನ ಲೆಕ್ಕ

ಮಳೆಗಾಲದಲ್ಲಿ ನಮ್ಮ ಮನೆಯ ಬಚ್ಚಲೊಲೆ ಆರುತ್ತಲೇ ಇರಲಿಲ್ಲ. ಹಂಡೆ ನೀರು ಕಾಯಿಸುವುದು ಒಂದು ನೆಪ. ಒಣಗದ ಬಟ್ಟೆ, ನೆನೆದ ಕಂಬಳಿ, ಶಾಲೆಯಿಂದ ತೊಯ್ದು ಬಂದ ಮಕ್ಕಳು, ಎಲ್ಲಕ್ಕೂ ಅದೊಂದೇ ಜಾಗ. ಕೆಂಡದಲ್ಲಿ ಹಲಸಿನ ಬೇಳೆ ಹುಗಿದು ಕೂತರೆ ಕಥೆ ತಾನಾಗಿ ಶುರುವಾಗುತ್ತಿತ್ತು. ಯಾವ ಕಥೆ ಎಲ್ಲಿಂದ ಹೊರಟರೂ ಒಮ್ಮೆ ‘ಲಾಂಚು ನಿಂತ ವರ್ಷ’ಕ್ಕೆ ಬಂದೇ ತೀರಬೇಕು. ಅಜ್ಜಿ ಹೇಳಿದರೆ ಅದರಲ್ಲಿ ಅಜ್ಜಯ್ಯನ ಹಠವೇ ಮುಖ್ಯ. ಚಿಕ್ಕಪ್ಪ ಹೇಳಿದರೆ ಗಾಳಿಮಳೆಯದೇ ಅಬ್ಬರ. ನಾನಾಗ ನಾಲ್ಕನೇ ಕ್ಲಾಸು. ಅಂಗಡಿಯ ಅಕ್ಕಿ ಚೀಲದ ಮೇಲೆ ಕೂತು ಕಂಡದ್ದಷ್ಟು, ಆಮೇಲೆ ಕೇಳಿ ಸೇರಿಸಿಕೊಂಡದ್ದಷ್ಟು, ಎರಡನ್ನೂ ಕೂಡಿಸಿ ಹೇಳುತ್ತೇನೆ.

ನಮ್ಮದು ಸಾಗರ ತಾಲ್ಲೂಕಿನ ಕರೂರು ಹೋಬಳಿ, ಶರಾವತಿ ಹಿನ್ನೀರಿನ ಆಚೆ ದಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತು ಕಣಿವೆಯ ಊರುಗಳು ನೀರಿನಡಿಗೆ ಹೋದವು. ಮಹಾರಾಜರ ಕಾಲದ ಮಡೆನೂರು ಅಣೆಕಟ್ಟೇ ಅದರೊಳಗೆ ಮುಳುಗಿತು ಅಂದಮೇಲೆ ಗದ್ದೆ ತೋಟಗಳ ಮಾತೇನು! ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಆ ಹಳೇ ಅಣೆಕಟ್ಟು ಈಗಲೂ ಮೇಲೆ ಕಾಣುತ್ತದೆ. ಅಜ್ಜಯ್ಯನ ಮೊದಲ ಅಂಗಡಿ ಇದ್ದದ್ದು ಕೆಳಗಿನ ಊರಿನಲ್ಲಿ. ಇಲ್ಲಿವರೆಗೂ ನೀರು ಬರುತ್ತದೆ ಎಂದು ಸರ್ಕಾರದವರು ಹೇಳಿದಾಗ ಅರ್ಧ ಊರು ನಂಬಲಿಲ್ಲವಂತೆ. ಅಜ್ಜಯ್ಯ ನಂಬಿದರು. ತಕ್ಕಡಿ, ಗಲ್ಲಾಪೆಟ್ಟಿಗೆ, ಲೆಕ್ಕದ ಪುಸ್ತಕಗಳನ್ನು ಎತ್ತಿನ ಗಾಡಿಗೆ ಹೇರಿಕೊಂಡು ಬಂದು ಗುಡ್ಡದ ಮೇಲೆ ಸೋಗೆ ಮಾಡಿನ ಅಂಗಡಿ ಹಾಕಿದರು. ಗಿರಾಕಿಗಳಲ್ಲಿ ಎಷ್ಟೋ ಮನೆಯವರು ಲಾರಿ ಹತ್ತಿ ಜಿಲ್ಲೆಯ ಬೇರೆ ಬೇರೆ ಮೂಲೆ ಸೇರಿದರು. ಅವರ ಬಾಕಿ ಎಂತಾಯ್ತು ಎಂದು ಅಜ್ಜಿ ಕೇಳಿದ್ದಕ್ಕೆ, “ಅವರ ಮನೆಯೇ ಹೋಗಿದೆ, ನನ್ನ ದುಡ್ಡು ಎಲ್ಲಿಂದ ತರ್ತಾರೆ” ಎಂದರಂತೆ. ಹಾಗಂತ ಆ ಹಾಳೆಗಳನ್ನು ಹರಿದು ಎಸೆಯಲಿಲ್ಲ, ಗೀಟು ಹಾಕಿ ಚುಕ್ತಾ ಮಾಡಲೂ ಇಲ್ಲ. ಬಾಕಿ ಬಾಕಿಯೇ.

ಈ ಕಥೆಗೆ ಬೇಕಾದ ಇನ್ನೊಂದು ಸಂಗತಿ ಉಂಟು. ನಮ್ಮ ಕಣಿವೆ ಮುಳುಗಿಸಿ ಹುಟ್ಟಿದ ಕರೆಂಟು ತಂತಿ ಹಿಡಿದು ಊರೂರಿಗೆ ಹೋಯಿತು. ಆ ತಂತಿ ನಮ್ಮ ಹಳ್ಳಿಗಳ ಕಡೆ ತಿರುಗಲು ಬಹಳ ವರ್ಷ ಹಿಡಿಯಿತು. ಅಲ್ಲಿಯತನಕ ಎಲ್ಲರ ಮನೆಯಲ್ಲೂ ಚಿಮಣಿ ಬುಡ್ಡಿಯೇ. ಸೀಮೆಎಣ್ಣೆ ಸಾಗರದಿಂದ ಬರಬೇಕು. ಲಾರಿಯಲ್ಲಿ ಹೊಳೆಬಾಗಿಲಿನವರೆಗೆ, ಅಲ್ಲಿಂದ ಲಾಂಚಿನಲ್ಲಿ ಈಚೆ ದಡಕ್ಕೆ, ಮತ್ತೆ ಗಾಡಿ. ರೇಷನ್ ಡಿಪೋದ ಲೈಸೆನ್ಸೂ ಅಜ್ಜಯ್ಯನ ಹೆಸರಿನಲ್ಲೇ ಇದ್ದದ್ದರಿಂದ ನಮ್ಮೂರಿನ ರಾತ್ರಿಯ ಬೆಳಕು ಅಷ್ಟೂ ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದು ತುಕ್ಕು ಹಿಡಿದ ಡ್ರಮ್ಮಿನಲ್ಲಿ ಇರುತ್ತಿತ್ತು.

ಊರಿಗೆ ಅವರು ಶೆಟ್ರು, ನಮಗೆ ಅಜ್ಜಯ್ಯ. ಮೊಣಕಾಲ ಮೇಲಿನ ಪಂಚೆ, ತೋಳಿನ ಬನಿಯನ್ನು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲು. ಪೊಟ್ಟಣ ಕಟ್ಟುವುದರಲ್ಲಿ ಅವರ ಕೈ ನೋಡಬೇಕು. ಹಳೇ ಪೇಪರಿನ ಹಾಳೆಯನ್ನು ಶಂಕುವಿನ ಹಾಗೆ ಸುತ್ತಿ, ಕಡ್ಲೆ ಸುರಿದು, ಬಾಯಿ ಮಡಚಿ, ಮೇಲೆ ತೂಗುಬಿಟ್ಟ ಉಂಡೆಯಿಂದ ದಾರ ಎಳೆದು ಎರಡು ಸುತ್ತು ಸುತ್ತಿ ಪಟ್ಟನೆ ಕಿತ್ತರೆ, ದಾರ ಒಂದಂಗುಲವೂ ಹೆಚ್ಚಾಗುತ್ತಿರಲಿಲ್ಲ. ದಾರದ ವಿಷಯದಲ್ಲಿ ಮಹಾ ಜುಗ್ಗ. ತೂಕದಲ್ಲಿ ಮಾತ್ರ ತಕ್ಕಡಿಯ ತಟ್ಟೆ ಗಿರಾಕಿಯ ಕಡೆ ಒಂದಿಷ್ಟು ಇಳಿದ ಮೇಲೆಯೇ ಕೈ ತೆಗೆಯುವುದು. 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂದಾಗಲೂ, ಆಮೇಲೆ ಸೇರು ಹೋಗಿ ಕಿಲೋ ಬಂದಾಗಲೂ ಹೆಂಗಸರು ಅವರ ಹತ್ತಿರವೇ ಬಂದು ಲೆಕ್ಕ ಹೇಳಿಸಿಕೊಂಡು ಹೋಗುತ್ತಿದ್ದರಂತೆ. ಒಂದಾಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆ ಯಾರಿಗೆ ಸೇರಬೇಕು ಎನ್ನುವುದು ಆಗ ದೊಡ್ಡ ಜಗಳ. ಅಜ್ಜಯ್ಯ ಅದನ್ನು ಬೆಲ್ಲದ ಚೂರಿನಲ್ಲಿ ತೀರಿಸುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದರು.

ಅಡಿಕೆ ಸೀಮೆಯಲ್ಲಿ ದುಡ್ಡು ಬರುವುದು ವರ್ಷಕ್ಕೊಮ್ಮೆ, ಸಾಗರದ ಮಂಡಿಯಲ್ಲಿ ಅಡಿಕೆ ಮಾರಿದ ಮೇಲೆ. ಕೂಲಿಯವರಿಗೆ ಮಳೆಗಾಲದಲ್ಲಿ ಅದೂ ಇಲ್ಲ. ಹಾಗಾಗಿ ಅಂಗಡಿ ನಡೆಯುತ್ತಿದ್ದದ್ದೇ ಉದ್ರಿಯ ಮೇಲೆ. ದೀಪಾವಳಿಯ ಅಂಗಡಿ ಪೂಜೆಗೆ ಹೊಸ ಪುಸ್ತಕ. ಅರಿಶಿನ ಕುಂಕುಮ ಹಚ್ಚಿ, ಮೇಲೆ ‘ಶ್ರೀ’ ಬರೆದು, ಮನೆಗೊಂದು ಪುಟ. ಮೊದಲ ಪುಟ ಯಾವಾಗಲೂ ನಮ್ಮದು. ತಲೆಬರಹ ‘ಮನೆ’. ಅಂಗಡಿಯಿಂದ ಒಳಗೆ ಹೋದ ಪ್ರತಿ ಸಾಮಾನೂ ಅಲ್ಲಿ ದಾಖಲು. ಅಜ್ಜಿಗೆ ಇದರ ಮೇಲೆ ಕಡುಕೋಪ. “ನಾನೆಂತ ಇವರ ಗಿರಾಕಿಯಾ?” ಎಂದು ಪೂಜೆಯ ದಿನವೇ ಒಮ್ಮೆ ಗುಡುಗುತ್ತಿದ್ದರು. ಆ ಪುಸ್ತಕಗಳಲ್ಲಿ ಕೆಲವನ್ನು ನಾನು ಇಟ್ಟುಕೊಂಡಿದ್ದೇನೆ. ‘ಗ್ರೈಪ್ ವಾಟರ್ 1’ ಎಂದು ಬರೆದಲ್ಲಿ ಅತ್ತೆ ಹುಟ್ಟಿದ್ದಾರೆ. ‘ಸ್ಲೇಟು 1, ಕಡ್ಡಿ 4’ ಎಂದಿರುವ ಕಡೆ ಅಪ್ಪ ಶಾಲೆಗೆ ಸೇರಿದ್ದಾರೆ. ‘ಪೆಪ್ಪರಮೆಂಟು 6, ಚಿಕ್ಕವ ಹೇಳದೆ ತೆಗೆದದ್ದು’ ಎನ್ನುವುದೂ ಉಂಟು. ಚಿಕ್ಕಪ್ಪನಿಗೆ ಅದನ್ನು ತೋರಿಸಿದರೆ ಈಗಲೂ ನಾಲ್ಕೇ ಎನ್ನುತ್ತಾರೆ. ಅಜ್ಜಿಗೆ ಇಷ್ಟವಾದ ಘಮಘಮ ತಲೆಎಣ್ಣೆ ಮಾತ್ರ ‘ಮನೆ’ಯಲ್ಲಿ ಎಲ್ಲೂ ಸಿಗುವುದಿಲ್ಲ. ಅದು ಪುಸ್ತಕದ ಕೊನೆಯಲ್ಲಿ, ‘ಸ್ವಂತ’ ಎಂಬ ಪುಟದಲ್ಲಿ, ಅಜ್ಜಯ್ಯನ ನಶ್ಯದ ಡಬ್ಬಿಯ ಪಕ್ಕದಲ್ಲಿದೆ. ಈ ಪುಟದ ಸುದ್ದಿ ಅಜ್ಜಿಗೆ ಗೊತ್ತಿತ್ತೋ ಇಲ್ಲವೋ, ಅವರಂತೂ ಒಂದು ದಿನವೂ ಬಾಯಿಬಿಡಲಿಲ್ಲ.

ಇನ್ನು ಆ ವರ್ಷ. ಎಂಬತ್ತರ ದಶಕದ ಶುರುವಿನ ಒಂದು ಆಷಾಢ. ಮಳೆಗಿಂತ ಗಾಳಿ ಜೋರು. ಹಿನ್ನೀರಿನಲ್ಲಿ ಅಲೆ ಎದ್ದರೆ ಅದು ಹೊಳೆಯಲ್ಲ, ಸಮುದ್ರವೇ. ಮೇಲಾಗಿ ಒಳಗೆ ಮುಳುಗಿದ ಕಾಡಿನ ಕೊರಡುಗಳು. ಲಾಂಚಿನವರು ದಡಕ್ಕೆ ಕಟ್ಟಿ ಕೂತರು. ಒಂದು ದಿನ ಎರಡು ದಿನ ಅಂದದ್ದು ವಾರದ ಆಚೆಗೂ ಹೋಯಿತು. ಘಟ್ಟದ ಕಡೆಯ ರಸ್ತೆಯಲ್ಲಿ ಮರ ಬಿದ್ದು ಅದೂ ಬಂದ್. ಮೇ ತಿಂಗಳಲ್ಲೇ ತುಂಬಿಸಿಟ್ಟ ಮಳೆಗಾಲದ ಸಾಮಾನು ಇತ್ತು: ಅಕ್ಕಿ, ಉಪ್ಪು, ಒಣಮೆಣಸು, ಒಣಮೀನು, ಬೆಲ್ಲ. ಹೊಟ್ಟೆಗೆ ತೊಂದರೆ ಇರಲಿಲ್ಲ. ಎಣ್ಣೆ ಮಾತ್ರ ಆ ತಿಂಗಳದ್ದು ಇನ್ನೂ ಸಾಗರದಲ್ಲೇ ಇತ್ತು.

ಅಜ್ಜಯ್ಯ ಡ್ರಮ್ಮಿಗೆ ಕೋಲು ಅದ್ದಿ ನೋಡಿದರು. ನಲವತ್ತು ಲೀಟರೂ ಇಲ್ಲ. ಕಾರ್ಡು ಅರವತ್ತರ ಮೇಲೆ. ಅಂದು ಸಂಜೆ ಪೆನ್ಸಿಲು ತೆಗೆದು ಪಟ್ಟಿ ಮಾಡತೊಡಗಿದರು. ಯಾವ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವವರಿದ್ದಾರೆ, ಎಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಎಲ್ಲಿ ದಿನ ತುಂಬಿದ ಬಸುರಿ ಇದ್ದಾಳೆ, ಇದಷ್ಟನ್ನೂ ಯಾರನ್ನೂ ಕೇಳದೆ ಬರೆದರು. ಅಂಥ ಮನೆಗೆ ಒಂದು ಬಾಟ್ಲಿ, ಉಳಿದವರಿಗೆ ಅರ್ಧ. ಆಮೇಲೆ ಲಾಂಚು ಬಿಟ್ಟರೆ ಮಾತ್ರ. ಊರಿನ ಎಲ್ಲ ಮನೆಯ ಒಳಗುಟ್ಟೂ ತಿಳಿದ ಮನುಷ್ಯ ಅವರೊಬ್ಬರೇ. ಒಂದು ಕಾಫಿಪುಡಿ ಪೊಟ್ಟಣ ಹೆಚ್ಚು ಹೋದರೆ ಯಾರ ಮನೆಗೆ ನೆಂಟರು ಬಂದರೆಂದು, ಹೊಗೆಸೊಪ್ಪು ಕಮ್ಮಿಯಾದರೆ ಯಾರ ಹತ್ತಿರ ದುಡ್ಡಿಲ್ಲವೆಂದು ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಇನ್ನೊಬ್ಬರಿಗೆ ಹೇಳುವ ಚಟ ಇರಲಿಲ್ಲ. ಅಂಗಡಿ ಕಟ್ಟೆ ಎಂದರೆ ಊರ ಸುದ್ದಿಯ ಸಂತೆ ಎನ್ನುವುದುಂಟಲ್ಲ, ನಮ್ಮ ಕಟ್ಟೆಯಲ್ಲಿ ಮಾತಾಡುವವರು ಬೇರೆಯವರು, ಅಜ್ಜಯ್ಯ ಬರೀ ತೂಗುವವರು.

ಮಾರನೇ ಬೆಳಿಗ್ಗೆ ಮೇಲಿನಮನೆ ಗೌಡ್ರ ಆಳು ದೊಡ್ಡ ಡಬ್ಬಿ ಹಿಡಿದು ಬಂದ. ಗೌಡ್ರದ್ದು ಊರಿಗೇ ದೊಡ್ಡ ತೋಟ, ನಮ್ಮ ಅಂಗಡಿಯ ದೊಡ್ಡ ಖಾತೆ. ಅಜ್ಜಯ್ಯ ಪಟ್ಟಿ ನೋಡಿ, ಆಲಿಕೆ ಇಟ್ಟು, ಅಷ್ಟು ದೊಡ್ಡ ಡಬ್ಬಿಯ ತಳಕ್ಕೆ ಅರ್ಧ ಬಾಟ್ಲಿ ಎಣ್ಣೆ ಸುರಿದರು. ಆಳಿಗೇ ನಗು ತಡೆಯಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೌಡ್ರೇ ಕೊಡೆ ಹಿಡಿದು ಬಂದರು.

“ಶೆಟ್ರೆ, ಎಂತದು ಇದು? ನಾ ಎಂತ ದುಡ್ಡು ಕೊಡೂದಿಲ್ವಾ?”

“ದುಡ್ಡಿನ ಮಾತಲ್ಲ ಗೌಡ್ರೆ, ಡ್ರಮ್ಮಿನ ಮಾತು.”

“ಅಷ್ಟು ದೊಡ್ಡ ಮನೆಗೆ ಅರ್ಧ ಬಾಟ್ಲಿ?”

“ಮನೆ ದೊಡ್ಡದು, ಹೌದು. ಓದೋ ಮಕ್ಕಳು ಶಿವಮೊಗ್ಗದ ಹಾಸ್ಟೆಲಿನಲ್ಲಿ ಅಲ್ವಾ?”

ಗೌಡ್ರ ಮುಖ ಕೆಂಪಾಯಿತು. ಅಜ್ಜಯ್ಯ ಪುಸ್ತಕ ಎತ್ತಿ ‘ಮನೆ’ ಪುಟ ತಿರುಗಿಸಿ ತೋರಿಸಿದರು: ಸೀಮೆಎಣ್ಣೆ, ಅರ್ಧ. ಅಷ್ಟರಲ್ಲಿ ಒಳಗಿನಿಂದ ಅಜ್ಜಿ, “ನಾನೂ ಒಲೆ ಬೆಳಕಲ್ಲೇ ಬಡಿಸ್ತಾ ಇದೀನಿ ಗೌಡ್ರೆ, ನಿನ್ನೆ ಇವರ ತಟ್ಟೆಗೆ ಸಾರು ಅಂತ ಮಜ್ಜಿಗೆ ಹಾಕಿದೆ” ಎಂದರು. ಇದು ಅಜ್ಜಿಯ ಆವೃತ್ತಿ. ಚಿಕ್ಕಪ್ಪ ಹೇಳುವ ಪ್ರಕಾರ ಅಜ್ಜಿ ಅಂದು ಬೈದದ್ದು ಬೇರೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಗೌಡ್ರು ಮಾತ್ರ, “ಈ ಖಾತೆ ದೀಪಾವಳಿಗೆ ಮುಗೀತು ಅಂತ ತಿಳ್ಕಳಿ” ಎಂದು ಹೋದರು.

ಅದಾಗಿ ಎರಡೋ ಮೂರೋ ರಾತ್ರಿ ಕಳೆದಿರಬೇಕು. ಕೆಳಗಿನ ಕೇರಿಯಿಂದ ಒಬ್ಬ ಹುಡುಗ ಗೊರಬು ಹೊದ್ದು ಓಡಿ ಬಂದ. ಅವನ ಹೆಂಡತಿಗೆ ನೋವು ಶುರುವಾಗಿದೆ, ಸೂಲಗಿತ್ತಿ ಅಜ್ಜಿ ಬಂದಿದ್ದಾಳೆ, ಆದರೆ ಮಗು ತಿರುಗಿದೆ, ಬುಡ್ಡಿ ಬೆಳಕಿನಲ್ಲಿ ಕಣ್ಣು ಕಾಣುತ್ತಿಲ್ಲ ಅನ್ನುತ್ತಿದ್ದಾಳೆ. ಆಸ್ಪತ್ರೆ ನೀರಿನ ಆಚೆ. ಲಾಂಚು ಓಡುವ ದಿನಗಳಲ್ಲೂ ಸಂಜೆಯ ಕೊನೇ ಲಾಂಚು ಹೋದಮೇಲೆ ನಾವು ದ್ವೀಪದವರೇ. ಅದೊಂದು ಭಯ ನಮ್ಮ ಹೆಂಗಸರ ಮನಸ್ಸಿನಿಂದ ಹೋಗಿದ್ದೇ ಇಲ್ಲ.

ಊರಿನಲ್ಲಿ ಗ್ಯಾಸ್‌ಲೈಟು ಇದ್ದದ್ದು ಒಂದೇ ಮನೆಯಲ್ಲಿ. ಅಜ್ಜಯ್ಯ ಡ್ರಮ್ಮು ಬಗ್ಗಿಸಿ ತಳದ ಎಣ್ಣೆಯನ್ನು ಬಾಟ್ಲಿಗೆ ಹಿಡಿದರು. ಸ್ಪಿರಿಟ್ಟಿನ ಸಣ್ಣ ಸೀಸೆ, ಅಂಗಡಿಯ ಮೇಲಿನ ಗೂಡಿನಿಂದ ಹೊಸ ಮ್ಯಾಂಟ್ಲಿನ ಒಂದು ಪಾಕೀಟು, ಚಿಕ್ಕಪ್ಪ ಜೊತೆಗೆ. ಮೇಲಿನಮನೆಯ ಬಾಗಿಲು ಬಡಿದಾಗ ಎದ್ದು ಬಂದವರು ಗೌಡ್ರೇ. ಚಿಕ್ಕಪ್ಪ ಇಲ್ಲಿ ಒಂದು ನಿಮಿಷ ಸುಮ್ಮನಾಗಿ, ಒಲೆಗೆ ಸೌದೆ ದೂಡಿ, ಆಮೇಲೆ ಮುಂದುವರಿಸುತ್ತಿದ್ದರು. ಗೌಡ್ರು ವಿಷಯ ಕೇಳಿದರು. ಜಗಲಿಯ ಕೊಕ್ಕೆಯಿಂದ ಗ್ಯಾಸ್‌ಲೈಟು ಇಳಿಸಿದರು. “ಎಣ್ಣೆ ಇಲ್ದೆ ಇದ್ಯಾಕೆ ಶೆಟ್ರೆ ನಂಗೆ” ಎಂದು ಒಂದು ಚುಚ್ಚಿ, ಕಂಬಳಿ ಹೊದ್ದು ತಾವೂ ಹೊರಟರು.

ಗ್ಯಾಸ್‌ಲೈಟಿನ ಮ್ಯಾಂಟ್ಲು ಒಮ್ಮೆ ಉರಿದ ಮೇಲೆ ಬರೀ ಬೂದಿಯ ಬಲೆ. ಆಕಾರವೊಂದು ಉಳಿದಿರುತ್ತದೆ ಅಷ್ಟೆ, ಸ್ವಲ್ಪ ತಾಗಿದರೆ ಉದುರಿತು. ಆ ಕೆಸರುದಾರಿ ಇಳಿಯುವಷ್ಟರಲ್ಲಿ ಗೌಡ್ರ ಹಳೇ ಮ್ಯಾಂಟ್ಲು ಉದುರಿಹೋಗಿತ್ತು. ಹೊಸದನ್ನು ಕಟ್ಟಿ, ಸ್ಪಿರಿಟ್ಟು ಹಚ್ಚಿ, ಪಂಪು ಹೊಡೆದು ಹೊತ್ತಿಸಿದವರು ಅಜ್ಜಯ್ಯ. ಬಾಗಿಲ ಬಳಿ ಬೆನ್ನು ಕೊಟ್ಟು ಕೂತು ಬೆಳಗಿನವರೆಗೆ ಪಂಪು ಹೊಡೆದವರು ಗೌಡ್ರು. ಕೋಳಿ ಕೂಗುವ ಹೊತ್ತಿಗೆ ಹೆಣ್ಣುಮಗು. ತಾಯಿ ಮಗು ಇಬ್ಬರೂ ಉಳಿದರು. ಬೆಳಿಗ್ಗೆ ಇಬ್ಬರು ಹಿರಿಯರೂ ನಮ್ಮ ಅಂಗಡಿ ಕಟ್ಟೆಯ ಮೇಲೆ ಕೂತು ಮಾತಿಲ್ಲದೆ ಬೆಲ್ಲದ ಕಾಫಿ ಕುಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಳಿ ಇಳಿದು ಲಾಂಚು ಬಿಟ್ಟದ್ದು ಅದಾದ ಮೇಲೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ನಮ್ಮ ಅಜ್ಜಯ್ಯನ ಕಥೆ ಆಗುತ್ತಿರಲಿಲ್ಲ. ದೀಪಾವಳಿಯ ಅಂಗಡಿ ಪೂಜೆಗೆ ಗೌಡ್ರು ಬಂದರು. ಪಂಚಕಜ್ಜಾಯ ತಿಂದರು, ಚುಕ್ತಾ ಮಾಡಲು ಲೆಕ್ಕ ಕೇಳಿದರು. ಪುಟದ ನಡುವೆ ‘ಮ್ಯಾಂಟ್ಲು 1’ ಎಂದಿತ್ತು.

“ಇದೆಂತದು?”

“ನಿಮ್ಮ ಗ್ಯಾಸ್‌ಲೈಟಿಗೆ ಹಾಕಿದ್ದು.”

“ನಂದಿತ್ತಲ್ಲ ಮಾರಾಯ್ರೆ! ನಿಮ್ಮ ಮಗ ಹೊತ್ಕೊಂಡು ಹೋಗಿ ಉದುರಿಸಿದ!”

“ನಿಮ್ಮದು ಮೊದಲೇ ತೂತಾಗಿತ್ತು. ಹೊಸದು ಈಗ ನಿಮ್ಮ ಮನೇಲೇ ಇದೆ.”

ಎಣ್ಣೆಯನ್ನು ಅಜ್ಜಯ್ಯ ಯಾರ ಲೆಕ್ಕಕ್ಕೂ ಬರೆದಿರಲಿಲ್ಲ, ಸ್ಪಿರಿಟ್ಟನ್ನೂ ಬರೆದಿರಲಿಲ್ಲ. ಆದರೆ ಮ್ಯಾಂಟ್ಲು ಬಿಟ್ಟುಕೊಡಲಿಲ್ಲ. ಗೌಡ್ರು ಅದೊಂದು ಬಿಟ್ಟು ಉಳಿದದ್ದಷ್ಟನ್ನೂ ಎಣಿಸಿಟ್ಟರು. ಅಜ್ಜಯ್ಯ ಅದನ್ನು ಮುಂದಿನ ವರ್ಷದ ಪುಸ್ತಕಕ್ಕೆ ಬಾಕಿ ತಂದರು. ಹೀಗೆ ಆ ಮ್ಯಾಂಟ್ಲು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಾ ಹೋಯಿತು. ಖಾತೆ ಮುಗಿಯಲಿಲ್ಲ, ಬಾಕಿ ಇರುವ ಖಾತೆ ಹೇಗೆ ಮುಗಿದೀತು?

ಅಜ್ಜಯ್ಯ ತೀರಿಕೊಂಡಾಗ ಹದಿಮೂರನೇ ದಿನಕ್ಕೆ ಬಂದ ಜನ ಅಂಗಳದಲ್ಲಿ ಹಿಡಿಸಲಿಲ್ಲ. ಮುಳುಗಡೆಯಲ್ಲಿ ದೂರ ಹೋದ ಊರುಗಳಿಂದಲೂ ಬಂದಿದ್ದರು. ಅವರಲ್ಲಿ ಒಬ್ಬ ಮುದುಕಿ ಊಟ ಮುಗಿಸಿ ಚಿಕ್ಕಪ್ಪನನ್ನು ಬದಿಗೆ ಕರೆದು, ಕೆಳಗಿನ ಊರಿನಲ್ಲಿದ್ದಾಗ ತನ್ನ ಏಳು ರೂಪಾಯಿ ಶೆಟ್ರ ಹತ್ತಿರ ಇಟ್ಟಿದ್ದೆ ಎಂದಳು. ಚಿಕ್ಕಪ್ಪ ಅಟ್ಟ ಹತ್ತಿ ಹಳೇ ಪುಸ್ತಕ ಹುಡುಕಿದರು. ಅವಳ ಹೆಸರಿನಲ್ಲಿ ಏಳು ರೂಪಾಯಿ ಜಮಾ ಇತ್ತು. ಚಿಕ್ಕಪ್ಪ ನೂರು ಕೊಡಹೋದರೆ ಮುದುಕಿ ಏಳನ್ನೇ ಎಣಿಸಿ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು. ಗೌಡ್ರೂ ಬಂದಿದ್ದರು. ಜಗಲಿಯಲ್ಲಿ ಕೂತು ಕವಳ ಹಾಕಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಹೊರಡುವಾಗ ಮಾತ್ರ ಚಿಕ್ಕಪ್ಪನ ಹತ್ತಿರ, “ತೂತಾಗಿರಲಿಲ್ಲ ಅದು” ಎಂದರು.

2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆದ ಮೇಲೆ ಸಾಗರ ನಮಗೆ ಹತ್ತಿರವಾಯಿತು. ಎರಡೂವರೆ ಕಿಲೋಮೀಟರಿನ ಹತ್ತಿರ ಉದ್ದದ ಸೇತುವೆ, ಈಚೆ ಹತ್ತಿದರೆ ಆಚೆ ಇಳಿಯಲು ಐದು ನಿಮಿಷ ಬೇಡ. ರಾತ್ರಿ ನೋವು ಬಂದ ಹೆಂಗಸರು ರಾತ್ರಿಯೇ ಆಸ್ಪತ್ರೆ ಸೇರುತ್ತಾರೆ. ಅಜ್ಜಯ್ಯ ಇದ್ದಿದ್ದರೆ ಇದೊಂದಕ್ಕೇ ಖುಷಿಪಡುತ್ತಿದ್ದರು. ಚಿಕ್ಕಪ್ಪನಿಗೆ ಖುಷಿಯೂ ಉಂಟು, ಗೊಣಗಾಟವೂ ಉಂಟು. ಜನ ತಿಂಗಳ ಸಾಮಾನಿಗೆ ಈಗ ಸಾಗರಕ್ಕೇ ಹೋಗುತ್ತಾರೆ, ಇವರ ಹತ್ತಿರ ಬರುವುದು ಉದ್ರಿಗೆ ಮಾತ್ರ.

ಮೇಲಿನಮನೆ ಗೌಡ್ರ ಮೊಮ್ಮಗ ನನ್ನ ಓರಗೆಯವನು. ಅವರ ಮನೆಯಲ್ಲೂ ಈ ಕಥೆ ಹೇಳುತ್ತಾರಂತೆ. ಆದರೆ ಅಲ್ಲಿ ಮ್ಯಾಂಟ್ಲಿನ ದುಡ್ಡನ್ನು ಅವರಜ್ಜ ಅದೇ ದೀಪಾವಳಿಗೆ ಕೊಟ್ಟುಬಿಟ್ಟಿದ್ದಾರೆ. ಸುಳ್ಳು. ಪುಸ್ತಕ ನನ್ನ ಹತ್ತಿರ ಇದೆ.