ಮಹಾಪ್ರಾಣ ನುಂಗಿದ ಚುಕ್ಕಿಗಳು

ಪೋಸ್ಟರು, ಬ್ಯಾನರು, ಆಮಂತ್ರಣ ಪತ್ರಿಕೆಗಳ ವಿನ್ಯಾಸ ನನ್ನ ಕಸುಬು. ಧಾರವಾಡದ ಒಂದು ಗಾಯನ ಕಾರ್ಯಕ್ರಮದ ಬ್ಯಾನರು ಒಪ್ಪಿಕೊಂಡಾಗ, ಇದ್ದ ಫಾಂಟುಗಳನ್ನೆಲ್ಲ ಬದಿಗಿಟ್ಟು ಹೊಸ ಅಲಂಕಾರದ ಅಕ್ಷರಗಳನ್ನೇ ಕಟ್ಟುವ ಹುಕಿ ಬಂತು. ಗೆರೆಯೇ ಬೇಡ, ಬರೀ ದುಂಡು ಚುಕ್ಕಿ. ಮನೆಮುಂದಿನ ಚುಕ್ಕಿ ರಂಗೋಲಿ ತಲೆಯಲ್ಲಿತ್ತು. ಕನ್ನಡದ ಅಕ್ಷರಗಳೇ ದುಂಡಗಿರುವಾಗ ಚುಕ್ಕಿ ಒಪ್ಪದೆ ಇನ್ನೇನು ಎಂಬ ಧೈರ್ಯ ಬೇರೆ.

ಚೌಕಳಿ ಹಾಕಿ ಒಂದೇ ಅಳತೆಯ ಚುಕ್ಕಿಗಳನ್ನು ಒಂದೇ ಅಂತರದಲ್ಲಿ ಕೂರಿಸಿದೆ. ಪರದೆಯ ಮೇಲೆ ಒಂದೊಂದೇ ಅಕ್ಷರವನ್ನು ಹಿಗ್ಗಿಸಿ ನೋಡಿ ನಾನೂ ಹಿಗ್ಗಿದೆ. ಬರೆಯಬೇಕಿದ್ದ ಸಾಲು ‘ಧಾರವಾಡದಲ್ಲಿ ಕಂಠಸಂಗೀತ ಸಭೆ’. ಬ್ಯಾನರು ರಸ್ತೆಗೆ ಬಂದಾಗ ಜನ ಓದಿದ್ದು ‘ದಾರವಾಡದಲ್ಲಿ ಕಂರಸಂಗೀತ ಸಬೆ’.

1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಊರಿದು. ಇಲ್ಲಿ ಅಕ್ಷರ ತಪ್ಪಿದರೆ ದಾರಿಹೋಕರೂ ಸುಮ್ಮನಿರುವುದಿಲ್ಲ. “ಮಾತಾಡೂ ಮುಂದ ಮಹಾಪ್ರಾಣ ನುಂಗೋರನ್ನ ನೋಡೇನಿ, ಬರಿಯೂ ಮುಂದ ನುಂಗೋರನ್ನ ಇವತ್ತ ನೋಡಿದೆ” ಎಂದರು ಒಬ್ಬ ಹಿರಿಯರು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಹಾಡಿದ ಊರಿನಲ್ಲಿ ನಾನು ಕಂಠಕ್ಕೇ ಕುತ್ತು ತಂದಿದ್ದೆ. ಸಂಘಟಕರು ಬ್ಯಾನರು ಇಳಿಸಿದರು. ಮರುಮುದ್ರಣದ ಖರ್ಚು ನನ್ನ ತಲೆಗೇ ಬಂತು.

ಆದದ್ದು ಇಷ್ಟು. ‘ದ’ ಮತ್ತು ‘ಧ’, ‘ಬೆ’ ಮತ್ತು ‘ಭೆ’ ಬೇರೆಯಾಗುವುದು ಅಡಿಯಲ್ಲಿನ ಒಂದು ಸಣ್ಣ ಸೀಳಿನಿಂದ. ನನ್ನ ಚೌಕಳಿಯಲ್ಲಿ ಆ ಸೀಳು ಒಂದೇ ಚುಕ್ಕಿಗೆ ಇಳಿದಿತ್ತು. ‘ರ’ವನ್ನು ‘ಠ’ ಮಾಡುವುದಂತೂ ಹೊಟ್ಟೆಯೊಳಗಿನ ಚುಕ್ಕಿಯೇ. ಅಕ್ಷರದ ಮೈಯೆಲ್ಲ ಚುಕ್ಕಿಯಾದಾಗ, ಅರ್ಥ ಹೊತ್ತ ಆ ಒಂದು ಚುಕ್ಕಿ ಅಲಂಕಾರದ ಚುಕ್ಕಿಗಳ ಗುಂಪಿನಲ್ಲಿ ಕಳೆದುಹೋಯಿತು. ರಂಗೋಲಿಯನ್ನೂ ನಾನು ಅರ್ಧವೇ ಕಲಿತಿದ್ದೆ: ಅಲ್ಲಿ ಚುಕ್ಕಿ ಬರೀ ಅಳತೆ, ಆಕಾರ ಕೊಡುವುದು ಎಳೆ.

ಒತ್ತಕ್ಷರಕ್ಕೂ ಚೌಕಳಿ ಒಗ್ಗುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅಡ್ಡ 5, ಉದ್ದ 7, ಒಟ್ಟು 35 ಚುಕ್ಕಿಗಳ ಮನೆ ಸಾಕು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಫಲಕಗಳು ನಡೆದದ್ದೇ ಆ ಲೆಕ್ಕದಲ್ಲಿ. ನಮ್ಮ ‘ಹುಬ್ಬಳ್ಳಿ’ಯ ‘ಳ್ಳಿ’ಗೆ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು: ಮೂರು ಅಂತಸ್ತು. ಒತ್ತಿಗೂ ಅದೇ ಅಳತೆಯ ಚುಕ್ಕಿ ಹಾಕಿದರೆ ಕೆಳಗೆ ಮುದ್ದೆಯಾಗುತ್ತದೆ. ಚುಕ್ಕಿ ಕಿರಿದು ಮಾಡಿದರೆ ದೂರಕ್ಕೆ ಕಾಣುವುದಿಲ್ಲ.

ಎರಡನೆಯ ಸಲ ಚೌಕಳಿ ಬಿಟ್ಟೆ. ಕೈಯಲ್ಲಿ ಮೊದಲು ಗೆರೆ ಎಳೆದು, ಅದರ ತಿರುವನ್ನು ಅನುಸರಿಸಿ ಚುಕ್ಕಿಗಳನ್ನು ಒತ್ತೊತ್ತಾಗಿ ಪೋಣಿಸಿದೆ. ಮಹಾಪ್ರಾಣದ ಸೀಳಿಗೆ ಚುಕ್ಕಿಯ ಬದಲು ಗಟ್ಟಿ ಗೆರೆ ಕೊಟ್ಟೆ. ‘ಠ’ದ ಹೊಟ್ಟೆ ಹಿಗ್ಗಿಸಿ, ಒಳಚುಕ್ಕಿಯನ್ನು ಉಳಿದವಕ್ಕಿಂತ ದಪ್ಪ ಮಾಡಿದೆ. ಅಲಂಕಾರ ಶೀರ್ಷಿಕೆಗೆ ಮಾತ್ರ. ದಿನಾಂಕ, ಸ್ಥಳ, ವೇಳೆ ಸಾದಾ ಅಕ್ಷರದಲ್ಲಿ.

ಮೊದಲ ಬ್ಯಾನರಿನ ತಪ್ಪು ನನಗೆ ಕಾಣದಿದ್ದುದಕ್ಕೆ ಕಾರಣ ಸರಳ: ಅಲ್ಲಿ ಏನು ಬರೆದಿದೆಯೆಂದು ನನಗೆ ಮೊದಲೇ ಗೊತ್ತಿತ್ತು. ಕನ್ನಡಕ್ಕೆ ಹೊಸ ಅಕ್ಷರ ಕಟ್ಟುವವರು ‘ಹುಬ್ಬಳ್ಳಿ’, ‘ಧಾರವಾಡ’, ‘ಕಂಠ’ ಈ ಮೂರನ್ನು ಮೊದಲು ಬರೆಯಿರಿ. ಒತ್ತು, ಮಹಾಪ್ರಾಣ, ಒಳಚುಕ್ಕಿ ಮೂರರ ಪರೀಕ್ಷೆಯೂ ಅಲ್ಲೇ ಆಗುತ್ತದೆ. ಆಮೇಲೆ, ಏನು ಬರೆದಿದ್ದೀರೆಂದು ಗೊತ್ತಿಲ್ಲದವರ ಕೈಯಲ್ಲಿ ರಸ್ತೆಯ ಆಚೆಬದಿಯಿಂದ ಓದಿಸಿ. ಅವರು ತಡವರಿಸಿದರೆ ಅಚ್ಚಿಗೆ ಕಳಿಸಬೇಡಿ.